ರಾಗಿ ನಮ್ಮದು, ಪಟ್ಟಾ ಯಾರದು?

ತಳಿ, ದೇಂಕಣಿಕೋಟೆ, ಕೆಲಮಂಗಲ, ಬಾಗಲೂರು, ಬೇರಿಕೆ ಕಡೆಯ ಹಳ್ಳಿಗಳಲ್ಲಿ ರಾಗಿಯ ಒಕ್ಕಣೆ ಮುಗಿಯುವ ಹೊತ್ತಿಗೆ ಈ ಪುಟಕ್ಕೆ ಬರುವ ಕಾಗದಗಳ ಧಾಟಿಯೇ ಬದಲಾಗುತ್ತದೆ. ಬಿತ್ತನೆಯ ಕಾಲದಲ್ಲಿ ಯಾವ ಬೀಜ ಒಳ್ಳೆಯದು, ಬೆಂಕಿರೋಗಕ್ಕೆ ಏನು ಮಾಡಬೇಕು, ಅಕ್ಕಡಿ ಸಾಲಿಗೆ ಅವರೆಯೋ ತೊಗರಿಯೋ ಎಂದು ಕೇಳಿದ ಬೇಸಾಯಗಾರ ಬಂಧುಗಳೇ ಕಣ ಗುಡಿಸಿದ ಮೇಲೆ ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಸರಕಾರದವರು ರಾಗಿ ಕೊಳ್ಳುತ್ತಾರಂತೆ, ನಮ್ಮ ರಾಗಿ ಮಾತ್ರ ಬೇಡವಂತೆ, ಇದೇನು ಸ್ವಾಮಿ?

ಈ ಪ್ರಶ್ನೆಗೆ ಉತ್ತರ ರಾಗಿಯಲ್ಲಿಲ್ಲ, ಕಾಗದದಲ್ಲಿದೆ. ಹೋದ ಸುಗ್ಗಿಯಲ್ಲಿ ನಮಗೆ ಪರಿಚಯದ ಹಿರಿಯ ಬೇಸಾಯಗಾರರೊಬ್ಬರು ಹನ್ನೆರಡು ಮೂಟೆ ರಾಗಿಯನ್ನು ತೂರಿ, ಎರಡು ದಿನ ಬಿಸಿಲಿಗೆ ಹಾಕಿ, ಬಾಡಿಗೆ ಟೆಂಪೊದಲ್ಲಿ ಒಂದು ಖರೀದಿ ಕೇಂದ್ರಕ್ಕೆ ಒಯ್ದರು. ಜೊತೆಗೆ ನಾವೂ ಇದ್ದೆವು. ರಾಗಿ ಚೆನ್ನಾಗಿತ್ತು. ತೇವ ನೂರಕ್ಕೆ ಹನ್ನೆರಡರ ಒಳಗಿರಬೇಕೆಂಬ ನಿಯಮಕ್ಕೂ ಸರಿಹೊಂದಿತ್ತು. ಅಲ್ಲಿದ್ದ ಗುಮಾಸ್ತರು, ಪಾಪ, ಒಳ್ಳೆಯ ಹುಡುಗ, ಚಿಟ್ಟಾ ನೋಡಿ ತಲೆಯೆತ್ತಿದರು.

“ತಾತ, ಇದರಲ್ಲಿರೋದು ನಿಮ್ಮ ಹೆಸರಲ್ಲವಲ್ಲ.”

“ನಮ್ಮಪ್ಪಂದು ಸ್ವಾಮಿ.”

“ಹಾಗಾದ್ರೆ ಅವರನ್ನೇ ಕರಕೊಂಡು ಬನ್ನಿ, ಒಂದು ರುಜು ಸಾಕು.”

“ಅವರು ಹೋಗಿ ಇಪ್ಪತ್ತೆರಡು ವರ್ಷ ಆಯ್ತು.”

ಸುತ್ತ ನಿಂತವರು ನಕ್ಕರು. ನಗುವಂಥ ಮಾತೇನೂ ಅದಾಗಿರಲಿಲ್ಲ. ನಕ್ಕವರಲ್ಲಿಯೂ ಅನೇಕರ ಪಟ್ಟಾ ಅದೇ ಸ್ಥಿತಿಯಲ್ಲಿದ್ದಿತೆಂದು ಆ ಮೇಲೆ ಮಾತನಾಡಿಸಿದಾಗ ತಿಳಿಯಿತು. ಹನ್ನೆರಡು ಮೂಟೆಯೂ ಅದೇ ಟೆಂಪೊದಲ್ಲಿ ಹಿಂದಿರುಗಿ, ಎರಡು ಕಡೆಯ ಬಾಡಿಗೆ ಮೈಮೇಲೆ ಬಿದ್ದು, ಕೊನೆಗೆ ಊರಿಗೆ ಬಂದ ವರ್ತಕನಿಗೆ ಸರಕಾರದ ಬೆಲೆಗಿಂತ ಎಷ್ಟೋ ಕಡಮೆಗೆ ಹೋಯಿತು.

ಆ ಬೆಲೆಯಾದರೂ ಎಷ್ಟು? ಕೇಂದ್ರ ಸರಕಾರ ಗೊತ್ತುಮಾಡುವ ಕನಿಷ್ಠ ಬೆಂಬಲ ಬೆಲೆ ೨೦೧೭–೧೮ರಲ್ಲಿ ರಾಗಿಯ ಕ್ವಿಂಟಾಲಿಗೆ ೧,೯೦೦ ರೂಪಾಯಿ ಇದ್ದಿತು. ಮರುವರ್ಷವೇ ೨,೮೯೭ ಆಯಿತು. ೨೦೨೩–೨೪ರಲ್ಲಿ ೩,೮೪೬, ೨೦೨೪–೨೫ರಲ್ಲಿ ೪,೨೯೦, ೨೦೨೫–೨೬ರಲ್ಲಿ ೪,೮೮೬ ರೂಪಾಯಿ. ಆ ೨೦೨೫–೨೬ರಲ್ಲಿ ಸಾಧಾರಣ ಭತ್ತದ ಬೆಲೆ ೨,೩೬೯. ಎಂದರೆ ಒಂದು ಕಾಲಕ್ಕೆ ಬಡವರ ಕಾಳೆಂದು ಮೂಗು ಮುರಿಯುತ್ತಿದ್ದ ರಾಗಿಗೆ ಈಗ ಭತ್ತದ ಎರಡರಷ್ಟು ಬೆಲೆ ಕಟ್ಟಲಾಗಿದೆ. ಆದರೆ ಬೆಲೆ ಕಟ್ಟುವುದು ಬೇರೆ, ಕೊಳ್ಳುವುದು ಬೇರೆ. ಗಡಿಯಾಚೆ ಆನೇಕಲ್ಲು, ಕನಕಪುರದ ಕಡೆಯ ರೈತರು ವರ್ಷಗಳಿಂದ ಸರಕಾರಕ್ಕೆ ರಾಗಿ ಅಳೆಯುತ್ತಿದ್ದುದನ್ನು ನಾವು ಈಚೆ ನಿಂತು ನೋಡುತ್ತಿದ್ದೆವು. ಅಲ್ಲಿ ಕೇಳುವುದು ಕರ್ನಾಟಕದ ಪಹಣಿಯನ್ನು. ನಮ್ಮ ಕೈಲಿರುವುದು ಚಿಟ್ಟಾ, ಅಡಂಗಲ್. ಎರಡೂ ಹೊಲಗಳ ನಡುವೆ ಒಂದು ಬದುವಿದ್ದರೂ ಕಾಗದದಲ್ಲಿ ಅದು ದೊಡ್ಡ ಗೋಡೆ. ತಮಿಳುನಾಡು ನಾಗರಿಕ ಸರಬರಾಜು ನಿಗಮದವರು ೨೦೨೨–೨೩ರ ಹಂಗಾಮಿನಲ್ಲಿ ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳಲ್ಲಿ ನೇರವಾಗಿ ರಾಗಿ ಕೊಳ್ಳಲು ತೊಡಗಿದಾಗ ನಮಗಾದ ಸಂತೋಷ ಅಷ್ಟಿಷ್ಟಲ್ಲ. ಈಗ ನೋಡಿದರೆ ಗೋಡೆ ಗಡಿಯಲ್ಲಿ ಮಾತ್ರವಲ್ಲ, ನಮ್ಮ ಮನೆಯ ಪೆಟ್ಟಿಗೆಯೊಳಗೂ ಇದೆ.

ಪಟ್ಟಾ ಇಲ್ಲದಿದ್ದರೆ ಬರಿಯ ರಾಗಿಯ ವ್ಯಾಪಾರ ಕೆಡುತ್ತದೆಂದು ತಿಳಿಯಬಾರದು. ಸಹಕಾರ ಸಂಘದ ಬೆಳೆಸಾಲಕ್ಕೆ ಅದೇ ಕಾಗದ, ಬೆಳೆವಿಮೆಗೂ ಅದೇ ಕಾಗದ. ೨೦೧೯ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ ನಿಧಿಯ ವರ್ಷಕ್ಕೆ ಆರು ಸಾವಿರ ರೂಪಾಯಿಗೂ ಅದೇ. ಆ ಯೋಜನೆಯಲ್ಲಿ ೨೦೧೯ರ ಫೆಬ್ರುವರಿ ೧ಕ್ಕೆ ಯಾರ ಹೆಸರಿನಲ್ಲಿ ಭೂಮಿ ಇತ್ತೆಂಬುದು ಲೆಕ್ಕ. ಆ ದಿನದ ನಂತರ ಹೆಸರು ಬದಲಾದವರಲ್ಲಿ ವಾರಸಿನಿಂದ ಬಂದವರಿಗೆ ಮಾತ್ರ ವಿನಾಯಿತಿಯುಂಟು. ಅಪ್ಪನ ಹೆಸರಿನಿಂದ ಮಕ್ಕಳ ಹೆಸರಿಗೆ ತರುವವರು ಇದನ್ನು ನೆನಪಿಡಬೇಕು. ಇನ್ನು ಜವಳಗಿರಿ, ದೇಂಕಣಿಕೋಟೆಯ ಕಾಡಂಚಿನವರ ಪಾಡು. ಬನ್ನೇರುಘಟ್ಟದ ಕಡೆಯಿಂದ ಆನೆಗಳ ಹಿಂಡು ಬರುವುದು ಸರಿಯಾಗಿ ರಾಗಿ ತೆನೆ ಕಟ್ಟುವ ಕಾಲಕ್ಕೆ. ಆನೆ ಯಾರ ಪಟ್ಟಾ ಎಂದು ಕೇಳಿ ಹೊಲಕ್ಕಿಳಿಯುವುದಿಲ್ಲ. ತುಳಿದ ಬೆಳೆಗೆ ಪರಿಹಾರ ಬೇಕೆಂದು ಹೋದಾಗ ಮನುಷ್ಯರು ಕೇಳುತ್ತಾರೆ.

ಇವಕ್ಕಿಂತ ಭಾರವಾದ ಸಂಗತಿ ಇನ್ನೊಂದಿದೆ. ೧೯೭೦ರ ದಶಕದಲ್ಲಿ ಹೊಸೂರಿನಲ್ಲಿ ಸಿಪ್ಕಾಟ್ ಕೈಗಾರಿಕಾ ಬಡಾವಣೆ ಬಂದಂದಿನಿಂದ ಈ ಸೀಮೆಯ ಭೂಮಿಗೆ ಹೊಸ ಬೆಲೆ ಬಂದಿದೆ, ಹೊಸ ಭಯವೂ ಬಂದಿದೆ. ೨೦೨೪ರ ಜೂನ್ ತಿಂಗಳಲ್ಲಿ ಹೊಸೂರಿಗೆ ೨,೦೦೦ ಎಕರೆಯಲ್ಲಿ ವಿಮಾನ ನಿಲ್ದಾಣವಾಗುವುದೆಂದು ತಮಿಳುನಾಡಿನ ಮುಖ್ಯಮಂತ್ರಿಗಳು ವಿಧಾನಸಭೆಯಲ್ಲಿಯೇ ಘೋಷಿಸಿದರು. ದೇಶದ ಮುನ್ನಡೆಗೆ ಕಾರ್ಖಾನೆ ಬೇಕು, ರಸ್ತೆ ಬೇಕು, ವಿಮಾನವೂ ಬೇಕಾದೀತು. ನಾವು ಅದನ್ನು ಬೇಡವೆನ್ನುವವರಲ್ಲ. ಆದರೆ ಭೂಮಿ ಬೇಕೆಂದು ಸರಕಾರ ನೋಟೀಸು ಕಳಿಸುವುದು ದಾಖಲೆಯಲ್ಲಿ ಹೆಸರಿದ್ದವರಿಗೆ. ಮೂವತ್ತು ವರ್ಷ ಉತ್ತವನ ಹೆಸರು ಅಲ್ಲಿಲ್ಲದಿದ್ದರೆ ಹೊಲ ಹೋಗುವ ಸುದ್ದಿ ಅವನಿಗೆ ಟೀ ಅಂಗಡಿಯಲ್ಲಿ ತಿಳಿಯುತ್ತದೆ. ಪರಿಹಾರದ ಹಣ ಕೋರ್ಟಿನಲ್ಲಿ ಕುಳಿತಿರುತ್ತದೆ, ಅವನು ಕೋರ್ಟಿನ ಬಾಗಿಲಲ್ಲಿ ಕುಳಿತಿರುತ್ತಾನೆ.

ಪಟ್ಟಾ ಹೀಗೆ ಹಳೆಯ ಹೆಸರಿನಲ್ಲಿಯೇ ನಿಂತುಹೋಗಲು ಕಾರಣವೇನು? ಕಚೇರಿಯವರನ್ನು ಬಯ್ಯುವುದು ಸುಲಭ. ಅದರಲ್ಲಿ ಸ್ವಲ್ಪ ನಿಜವೂ ಇದೆ. ೧೯೭೯ರಿಂದ ೧೯೮೭ರ ವರೆಗೆ ತಮಿಳುನಾಡಿನಲ್ಲಿ ಭೂದಾಖಲೆಗಳನ್ನು ಹೊಸದಾಗಿ ಬರೆಯುವ ಯು.ಡಿ.ಆರ್. ಎಂಬ ಕಾರ್ಯ ನಡೆಯಿತು. ಅದು ನಡೆಯುತ್ತಿದ್ದಾಗಲೇ, ೧೯೮೦ರಲ್ಲಿ, ವಂಶಪಾರಂಪರ್ಯವಾಗಿ ಬಂದ ಕರಣಿಕ, ಮುನಸೀಫ ಹುದ್ದೆಗಳನ್ನು ರದ್ದುಮಾಡಿ ಅವರ ಜಾಗಕ್ಕೆ ಗ್ರಾಮಾಡಳಿತ ಅಧಿಕಾರಿಗಳನ್ನು ತಂದರು. ಹಳೆಯ ಕರಣಿಕರಲ್ಲಿ ದರ್ಪ ಮಾಡುವವರಿದ್ದರು, ಅನುಮಾನವಿಲ್ಲ. ಆದರೆ ಯಾರ ಹೊಲ ಯಾವುದು, ಯಾರ ಮಗ ಯಾರು ಎಂಬುದು ಅವರ ಬಾಯಲ್ಲಿತ್ತು. ಬಾಯಲ್ಲಿದ್ದುದೆಲ್ಲ ಪುಸ್ತಕಕ್ಕೆ ಇಳಿಯಲಿಲ್ಲ. ಯು.ಡಿ.ಆರ್. ತಪ್ಪು ಎಂದು ಕಚೇರಿಗಳಲ್ಲಿ ಇಂದಿಗೂ ಹೇಳುವ ತಪ್ಪುಗಳು ಆಗ ನುಸುಳಿದವು. ತೊರಪಳ್ಳಿಯಲ್ಲಿ ೧೮೭೮ರಲ್ಲಿ ಹುಟ್ಟಿ ೧೯೪೮ರಲ್ಲಿ ಈ ದೇಶದ ಗವರ್ನರ್ ಜನರಲ್ ಆದ ರಾಜಾಜಿಯವರ ತಂದೆಯೂ ಗ್ರಾಮ ಮುನಸೀಫರೇ. ದಿಲ್ಲಿಯ ಅತ್ಯುನ್ನತ ಪೀಠ ಒಂದು ಕಾಲಕ್ಕೆ ನಮ್ಮ ಗ್ರಾಮಲೆಕ್ಕದ ಪುಸ್ತಕಕ್ಕೆ ಅಷ್ಟು ಹತ್ತಿರವಿದ್ದಿತು!

ಉಳಿದ ಕಾರಣ ನಾವೇ. ನಮ್ಮ ಕಡೆ ಭಾಗವಾಗುವುದು ಅರಳಿಕಟ್ಟೆಯ ಮೇಲೆ. ಊರ ಹಿರಿಯರು ಹಗ್ಗ ಹಿಡಿದು ಅಳೆದು, ಬೇವಿನಮರದ ಈಚೆಗೆ ದೊಡ್ಡವನಿಗೆ, ಆಚೆಗೆ ಚಿಕ್ಕವನಿಗೆ ಎಂದು ಹೇಳಿ, ವೀಳ್ಯ ಹಾಕಿಕೊಂಡು ಏಳುತ್ತಾರೆ. ಅಣ್ಣತಮ್ಮಂದಿರು ಆ ಮಾತಿಗೆ ನಡೆದುಕೊಳ್ಳುತ್ತಾರೆ. ಇದು ನಮ್ಮ ಹೆಮ್ಮೆ. ಆದರೆ ಬೇವಿನಮರದ ಮಾತು ತಾಲೂಕು ಕಚೇರಿಗೆ ಕೇಳುವುದಿಲ್ಲ. ಅಲ್ಲಿ ಸರ್ವೆ ನಂಬರು ಒಂದೇ, ಹೆಸರು ಒಂದೇ, ಅದೂ ಸತ್ತವರದು. ಮೊಮ್ಮಕ್ಕಳ ಕಾಲಕ್ಕೆ ಬೇವಿನಮರವನ್ನು ಕಡಿದಿರುತ್ತಾರೆ, ಸಾಕ್ಷಿ ಹೇಳುವವರು ಮಣ್ಣಾಗಿರುತ್ತಾರೆ, ವಾರಸುದಾರರು ಇಪ್ಪತ್ತು ಮೂವತ್ತು ಮಂದಿಯಾಗಿ ಬೆಂಗಳೂರು, ತಿರುಪ್ಪೂರು ಎಂದು ಚದುರಿಹೋಗಿರುತ್ತಾರೆ. ಮೊದಲ ತಲೆಯಲ್ಲಿ ಒಂದು ದಿನದ ಕೆಲಸವಾಗಿದ್ದುದು ಮೂರನೆಯ ತಲೆಗೆ ಹತ್ತು ವರ್ಷದ ವ್ಯಾಜ್ಯ.

ಹೆಣ್ಣುಮಕ್ಕಳ ವಿಷಯವನ್ನೂ ಮುಚ್ಚಿಡದೆ ಹೇಳಬೇಕು. ವಾರಸುದಾರರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದರೆ ಅಕ್ಕತಂಗಿಯರ ಹೆಸರೂ ಬರುತ್ತದೆ, ಅವರೆಲ್ಲಿ ಪಾಲು ಕೇಳುವರೋ ಎಂಬ ಅಂಜಿಕೆಯಿಂದಲೇ ಪಟ್ಟಾ ಬದಲಿಸದೆ ಕುಳಿತ ಮನೆಗಳು ನಮ್ಮಲ್ಲಿ ಬಹಳ. ತಮಿಳುನಾಡಿನಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಂತೆ ಹಕ್ಕು ಕೊಡುವ ಕಾಯಿದೆ ೧೯೮೯ರಲ್ಲಿಯೇ ಆಯಿತು. ಅದಕ್ಕೆ ಮೊದಲು ಮದುವೆಯಾದವರನ್ನು ಅದು ಬಿಟ್ಟಿತ್ತು. ೨೦೦೫ರಲ್ಲಿ ಇಡೀ ದೇಶಕ್ಕೆ ಆದ ತಿದ್ದುಪಡಿಯಲ್ಲಿ ಮದುವೆಯ ಭೇದವೂ ಹೋಯಿತು. ಅವರ ಹೆಸರನ್ನು ಬಿಟ್ಟು ತಂದ ಕಾಗದ ಎಂದಾದರೂ ಮುರಿದುಬೀಳುತ್ತದೆ. ನಾವು ಕಂಡಿರುವಂತೆ ಮರ್ಯಾದೆಯಾಗಿ ಮನೆಗೆ ಕರೆದು ಕೇಳಿದಾಗ ಎಷ್ಟೋ ಹೆಣ್ಣುಮಕ್ಕಳು ತವರು ಚೆನ್ನಾಗಿರಲೆಂದು ಒಪ್ಪಿ ರುಜು ಮಾಡಿದ್ದಾರೆ. ಕೆಲವರು ತಮ್ಮ ಪಾಲು ಬೇಕೆಂದಿದ್ದಾರೆ. ಬೇಕೆಂದವರಿಗೆ ಕೊಡಬೇಕಾದದ್ದೇ. ಹಬ್ಬಕ್ಕೆ ಸೀರೆ ಕೊಟ್ಟು ಹೊಲದ ಮಾತು ಬಂದಾಗ ಬಾಗಿಲು ಹಾಕುವುದು ನಮಗಂತೂ ಸರಿ ಕಾಣುವುದಿಲ್ಲ.

ಹೆಸರು ಬದಲಾಯಿಸಿಕೊಂಡವರಿಗೂ ಒಂದು ತೊಡಕು ಕಾದಿದೆ. ಅದು ಕನ್ನಡದವರಿಗೆಂದೇ ಇರುವ ತೊಡಕು. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಪ, ಬ ಎರಡಕ್ಕೂ ಒಂದೇ. ತ, ದ ಎರಡಕ್ಕೂ ಒಂದೇ. ಆ ಭಾಷೆಯ ಜಾಯಮಾನಕ್ಕೆ ಅದು ಸಾಕು, ಅದರಲ್ಲಿ ತಪ್ಪಿಲ್ಲ. ಆದರೆ ನಮ್ಮ ಗಿರಿಯಪ್ಪನನ್ನು ಪಟ್ಟಾದಲ್ಲಿ ತಮಿಳಿನಲ್ಲಿ ಬರೆದು, ಅದನ್ನು ನೋಡಿ ಇನ್ನೊಬ್ಬರು ಇಂಗ್ಲಿಷಿನಲ್ಲಿ ಬರೆದಾಗ ಅವನು ಕಿರಿಯಪ್ಪನಾಗುತ್ತಾನೆ. ಬೈರಪ್ಪ ಪೈರಪ್ಪನಾಗುತ್ತಾನೆ. ಬಸವಮ್ಮ ಪಸವಮ್ಮ, ದೊಡ್ಡಯ್ಯ ತೊಟ್ಟಯ್ಯ. ತಂದೆಯ ಹೆಸರಿನ ಮೊದಲಕ್ಷರವನ್ನು ಮುಂದೆ ಹಾಕುವ ಪದ್ಧತಿಯಿಂದಾಗಿ ಗಿರಿಯಪ್ಪನ ಮಗ ಬ್ಯಾಂಕಿನ ಪುಸ್ತಕದಲ್ಲಿ ‘ಜಿ’, ಆಧಾರ್ ಕಾರ್ಡಿನಲ್ಲಿ ‘ಕೆ’. ಹಿಂದೆ ಇದು ನಗೆಯ ಮಾತಾಗಿತ್ತು. ಗುಮಾಸ್ತರಿಗೆ ಮುಖ ಗೊತ್ತಿತ್ತು. ೨೦೨೫ರಲ್ಲಿ ರೈತರಿಗೆಲ್ಲ ವಿಶಿಷ್ಟ ಗುರುತು ಸಂಖ್ಯೆ ಕೊಡುವ ನೋಂದಣಿ ನಮ್ಮ ಕಡೆ ನಡೆದಾಗ ಆಧಾರಿನ ಹೆಸರನ್ನೂ ಭೂದಾಖಲೆಯ ಹೆಸರನ್ನೂ ಹೊಂದಿಸಿ ನೋಡಿದ್ದು ಯಂತ್ರ. ಯಂತ್ರಕ್ಕೆ ಗಿರಿಯಪ್ಪನ ಮುಖ ಗೊತ್ತಿಲ್ಲ. ಕಾರ್ಡು, ಪಾಸ್‌ಬುಕ್ಕು, ಪಟ್ಟಾ ಮೂರನ್ನೂ ಒಟ್ಟಿಗೆ ಹರಡಿ ಹೆಸರು ಒಂದೇ ಆಗಿದೆಯೇ ಎಂದು ಇಂದೇ ನೋಡಿಕೊಳ್ಳಬೇಕು.

ನೋಡುವುದು ಹೇಗೆ, ನಮಗೆ ತಮಿಳು ಓದಲು ಬಾರದಲ್ಲ ಎನ್ನುವ ಹಿರಿಯರಿಗೆ ನಮ್ಮ ಉತ್ತರ ಮನೆಯಲ್ಲಿಯೇ ಇದೆ. ೨೦೦೬ರ ಕಾಯಿದೆಯಿಂದ ಈ ರಾಜ್ಯದ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳು ಕಡ್ಡಾಯವಾಯಿತು. ಕನ್ನಡ ಶಾಲೆಗಳ ಮೇಲೆ ಅದರಿಂದಾದ ಪರಿಣಾಮದ ವಿಷಯದಲ್ಲಿ ನಮಗೆ ದುಃಖವಿದೆ. ಅದು ಬೇರೆಯೇ ಮಾತು. ಕಲಿತ ಅಕ್ಷರವನ್ನು ವ್ಯರ್ಥಮಾಡುವುದೇಕೆ? ಮೊಮ್ಮಗಳ ಕೈಗೆ ಪಟ್ಟಾ ಕೊಟ್ಟು ಹೆಸರು, ಸರ್ವೆ ನಂಬರು, ಉಪವಿಭಾಗ, ವಿಸ್ತೀರ್ಣ ಇಷ್ಟನ್ನು ಓದಿಸಿ, ಕನ್ನಡದಲ್ಲಿ ಒಂದು ನೋಟುಬುಕ್ಕಿನಲ್ಲಿ ಬರೆಸಿಕೊಳ್ಳಿ. ಅಡಂಗಲ್‌ನಲ್ಲಿ ಈ ವರ್ಷದ ಬೆಳೆ ರಾಗಿಯೆಂದೇ ಬರೆದಿದೆಯೇ ನೋಡಿಸಿ. ಹೊಲದಲ್ಲಿ ರಾಗಿ, ಅಡಂಗಲ್‌ನಲ್ಲಿ ಬೇರೆ ಬೆಳೆ ಅಥವಾ ಬರಿಯ ಬೀಳು ಎಂದಿದ್ದರೆ ಖರೀದಿ ಕೇಂದ್ರದಲ್ಲಿ ಹನ್ನೆರಡು ಮೂಟೆಯ ಕಥೆಯೇ ಮತ್ತೆ.

ಇನ್ನು ಕ್ರಮದ ವಿಷಯ. ಮೊದಲು ಮರಣಪತ್ರ. ಅದನ್ನಿಟ್ಟು ವಾರಸುದಾರರ ಪ್ರಮಾಣಪತ್ರಕ್ಕೆ ಅರ್ಜಿ, ತರುವಾಯ ಪಟ್ಟಾ ಬದಲಾವಣೆಯ ಅರ್ಜಿ. ಎರಡನ್ನೂ ಇ-ಸೇವಾ ಕೇಂದ್ರದಲ್ಲಿ ಹಾಕಬಹುದು. ಎಲ್ಲ ವಾರಸುದಾರರ ಹೆಸರನ್ನೂ ಒಟ್ಟಿಗೆ ಸೇರಿಸುವ ಕೂಟು ಪಟ್ಟಾ ಬೇಗ ಆಗುತ್ತದೆ, ಏಕೆಂದರೆ ಅದಕ್ಕೆ ಅಳತೆ ಬೇಡ. ಅವರವರ ಭಾಗಕ್ಕೆ ತನಿ ಪಟ್ಟಾ ಬೇಕೆಂದರೆ ನೋಂದಾಯಿಸಿದ ಭಾಗಪತ್ರ ಬೇಕು, ಸರ್ವೆಯವರು ಬಂದು ಉಪವಿಭಾಗ ಮಾಡಬೇಕು, ತಡವಾಗುತ್ತದೆ. ಮೊದಲು ಕೂಟು ಪಟ್ಟಾ ಮಾಡಿಕೊಂಡು, ಅಣ್ಣತಮ್ಮಂದಿರು ಕುಳಿತು ಮಾತನಾಡಿದ ಮೇಲೆ ತನಿ ಪಟ್ಟಾಗೆ ಹೋಗುವುದು ಲೇಸೆಂದು ನಮಗೆ ತೋರುತ್ತದೆ. ಪಟ್ಟಾ ಕಂದಾಯದ ದಾಖಲೆ ಮಾತ್ರ. ಒಡೆತನದ ತಕರಾರು ಬಂದರೆ ಕೋರ್ಟು ನೋಡುವುದು ಕ್ರಯಪತ್ರ, ಭಾಗಪತ್ರಗಳನ್ನು. ಪಟ್ಟಾ ಬಂದಿತೆಂದು ಹಳೆಯ ಪತ್ರಗಳನ್ನು ಗೆದ್ದಲಿಗೆ ಬಿಡಬೇಡಿ. ಅರ್ಜಿ ಹಾಕಿದ ರಸೀದಿಯಿಲ್ಲದೆ ಕಚೇರಿಯಿಂದ ಹೊರಡಬೇಡಿ. ದಳ್ಳಾಳಿಯ ಕೈಗೆ ಮೂಲಪತ್ರವನ್ನಂತೂ ಕೊಡಲೇಬೇಡಿ.

ಅರ್ಜಿ ಯಾವ ಭಾಷೆಯಲ್ಲಿರಬೇಕು? ಇದನ್ನು ನಮ್ಮವರು ನೂರು ಸಲ ಕೇಳಿದ್ದಾರೆ. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಮರುವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಸೇರಿತು, ಸೇಲಂ ಜಿಲ್ಲೆಯಲ್ಲಿದ್ದ ಹೊಸೂರು ಮದರಾಸಿನಲ್ಲಿಯೇ ಉಳಿಯಿತು. ೧೯೬೫ರಲ್ಲಿ ನಮ್ಮನ್ನು ಧರ್ಮಪುರಿ ಜಿಲ್ಲೆಗೆ ಸೇರಿಸಿದರು, ೨೦೦೪ರಲ್ಲಿ ಕೃಷ್ಣಗಿರಿಯೇ ಜಿಲ್ಲೆಯಾಯಿತು. ಜಿಲ್ಲೆಯ ಹೆಸರು ಎಷ್ಟು ಸಲ ಬದಲಾದರೂ ಸಂವಿಧಾನದ ೩೫೦ನೆಯ ಅನುಚ್ಛೇದ ಬದಲಾಗಿಲ್ಲ. ಒಂದು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕುಂದುಕೊರತೆಯ ಮನವಿಯನ್ನು ಯಾವ ಅಧಿಕಾರಿಗಾದರೂ ಕೊಡಲು ಪ್ರತಿಯೊಬ್ಬನಿಗೂ ಹಕ್ಕಿದೆಯೆಂದು ಅದು ಹೇಳುತ್ತದೆ. ಕನ್ನಡದಲ್ಲಿ ಬರೆದುಕೊಟ್ಟ ಮನವಿಯನ್ನು ಭಾಷೆಯ ಕಾರಣಕ್ಕೆ ಯಾರೂ ಹಿಂದಕ್ಕೆ ತಳ್ಳುವಂತಿಲ್ಲ. ಕೆಲಸ ಬೇಗ ಆಗಬೇಕಾದರೆ ತಮಿಳಿನ ಪ್ರತಿಯೊಂದನ್ನು ಜೊತೆಗಿಡಿ; ಅಧಿಕಾರಿಯನ್ನು ಸೋಲಿಸುವುದು ನಮ್ಮ ಉದ್ದೇಶವಲ್ಲ. ಆದರೆ ಕನ್ನಡದ ಪ್ರತಿಯೂ ಇರಲಿ. ಅಂಥ ಮನವಿಗಳೇ ಬಾರದಿದ್ದರೆ ಇಲ್ಲಿ ಕನ್ನಡದವರು ಇದ್ದಾರೆಂಬುದೇ ಕಚೇರಿಗೆ ಮರೆತುಹೋಗುತ್ತದೆ.

ಸರಕಾರದವರಿಗೂ ನಮ್ಮದೊಂದು ಬಿನ್ನಹವಿದೆ. ಪಟ್ಟಾ ಬದಲಾಗುವವರೆಗೆ ರಾಗಿ ಕಾಯುವುದಿಲ್ಲ. ಈ ಹೊಲವನ್ನು ಸಾಗುಮಾಡುತ್ತಿರುವವನು ಇಂಥವನೇ ಎಂದು ಗ್ರಾಮಾಡಳಿತ ಅಧಿಕಾರಿ ಬರೆದುಕೊಡುವ ಚೀಟಿಯನ್ನು ಎಲ್ಲ ಖರೀದಿ ಕೇಂದ್ರಗಳೂ ಒಂದೇ ರೀತಿಯಲ್ಲಿ ಒಪ್ಪಬೇಕು. ವಾರಕ್ಕೆ ಮಾಡುವವರಿಗೂ ಇದರಿಂದ ದಾರಿಯಾಗುತ್ತದೆ; ಅವರ ಹೆಸರಂತೂ ಯಾವ ಪುಸ್ತಕದಲ್ಲಿಯೂ ಇಲ್ಲ. ಗಡಿಯ ಫಿರ್ಕಾಗಳಲ್ಲಿ ಜಮಾಬಂದಿಯ ಕಾಲಕ್ಕೆ ಕನ್ನಡ, ತೆಲುಗು ಬಲ್ಲ ಒಬ್ಬರನ್ನು ಕೂರಿಸಿ ಹೆಸರಿನ ತಪ್ಪುಗಳನ್ನು ಅಲ್ಲಿಯೇ ತಿದ್ದಿದರೆ ಎಷ್ಟೋ ಮನೆಗಳ ಹತ್ತು ವರ್ಷದ ಅಲೆದಾಟ ಉಳಿಯುತ್ತದೆ.

ಈ ಕಾಗದದ ಮಾತಿನ ನಡುವೆ ಹೊಟ್ಟೆಯ ಮಾತು ಮರೆಯಬಾರದು. ೨೦೦೮ರಲ್ಲಿ ರೇಷನ್ ಅಂಗಡಿಯಲ್ಲಿ ಕಿಲೋ ಅಕ್ಕಿಗೆ ಒಂದು ರೂಪಾಯಿಯಾಯಿತು, ೨೦೧೧ರ ಜೂನ್‌ನಿಂದ ಅದೂ ಇಲ್ಲದೆ ಪುಕ್ಕಟೆಯಾಯಿತು. ಹಸಿವು ಕಂಡವರು ಆ ಅಕ್ಕಿಯನ್ನು ಹಳಿಯಲಾರರು, ನಾವೂ ಹಳಿಯುವುದಿಲ್ಲ. ಆದರೆ ಅದರೊಡನೆ ನಮ್ಮ ಮನೆಗಳಲ್ಲಿ ಎರಡು ಹೊತ್ತಿನ ಹಿಟ್ಟು ಒಂದು ಹೊತ್ತಾಯಿತು, ಕೆಲವೆಡೆ ಹಬ್ಬದ ಊಟದಂತೆ ಅಪರೂಪವಾಯಿತು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮೇಲ್ಪಟ್ಟು ಸುಣ್ಣದ ಸತ್ವ, ಎಂದರೆ ಕ್ಯಾಲ್ಸಿಯಂ, ಇದೆ. ಪಾಲಿಷ್ ಅಕ್ಕಿಯಲ್ಲಿ ಅದು ಹತ್ತನ್ನೂ ಮುಟ್ಟುವುದಿಲ್ಲ. ಬಸುರಿಯರಿಗೆ, ಬೆಳೆಯುವ ಮಕ್ಕಳಿಗೆ, ಮಂಡಿನೋವೆಂದು ಮಾತ್ರೆ ನುಂಗುವ ಮುದುಕರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ೨೦೨೩ರಲ್ಲಿ, ವಿಶ್ವಸಂಸ್ಥೆಯವರು ಸಿರಿಧಾನ್ಯ ವರ್ಷವೆಂದು ಸಾರಿದ ವರ್ಷದಲ್ಲಿಯೇ, ಅಕ್ಕಿಯ ಬದಲು ಕಾರ್ಡಿಗೆ ಎರಡು ಕಿಲೋ ರಾಗಿ ಕೊಡುವ ಪ್ರಯೋಗ ನೀಲಗಿರಿ, ಧರ್ಮಪುರಿ ಜಿಲ್ಲೆಗಳಲ್ಲಿ ಆರಂಭವಾಯಿತು. ರಾಗಿ ಕೊಂಡ ಜಿಲ್ಲೆಗಳಲ್ಲಿ ಕೃಷ್ಣಗಿರಿಯಿತ್ತು, ಆ ಪ್ರಯೋಗದ ಜಿಲ್ಲೆಗಳಲ್ಲಿ ಇರಲಿಲ್ಲ. ಬೆಳೆದವರ ಕಾರ್ಡಿಗೂ ಬೆಳೆದ ಕಾಳು ಬರಬೇಕೆಂದು ಕೇಳುವುದು ದುರಾಸೆಯೇನಲ್ಲ. ನಮ್ಮ ಜಿಲ್ಲೆಯಲ್ಲಿಯೇ ಪೈಯೂರಿನ ಸಂಶೋಧನಾ ಕೇಂದ್ರದವರು ರಾಗಿಯ ತಳಿಗಳನ್ನು ಮಾಡಿಕೊಟ್ಟಿದ್ದಾರೆ. ಬೀಜ ಇಲ್ಲಿಯದು, ಮಣ್ಣು ಇಲ್ಲಿಯದು, ಕಷ್ಟ ಇಲ್ಲಿಯದು. ಬೆಂಬಲ ಬೆಲೆ ಬಂದಿತೆಂದು ಮನೆಯ ಗುಡಾಣವನ್ನೆಲ್ಲ ಬರಿದುಮಾಡಿ ಪುಕ್ಕಟೆ ಅಕ್ಕಿಗೆ ಚೀಲ ಹಿಡಿಯುವುದೂ ಜಾಣತನವಲ್ಲ. ವರ್ಷದ ಹಿಟ್ಟಿಗೆ ಎಷ್ಟು ಬೇಕೆಂದು ಮನೆಯ ಹೆಂಗಸರನ್ನು ಕೇಳಿ, ಅಷ್ಟನ್ನು ತೆಗೆದಿರಿಸಿ ಮಿಕ್ಕಿದ್ದನ್ನು ಮಾರಬೇಕು. ಒಣಗಿದ ರಾಗಿ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ಬ್ಯಾಂಕಿನವರು ಇಂಥ ಠೇವಣಿ ಕೊಡಲಾರರು.

ಮೊದಲು ಹೇಳಿದ ಆ ಹಿರಿಯರು ಈ ನಡುವೆ ಸುಮ್ಮನೆ ಕುಳಿತಿಲ್ಲ. ತಂದೆಯ ಮರಣಪತ್ರವನ್ನು ಪಂಚಾಯಿತಿಯ ಹಳೆಯ ಪುಸ್ತಕದಿಂದ ತೆಗೆಸಿದರು. ಇಬ್ಬರು ತಂಗಿಯರ ಮನೆಗೆ ತಾವೇ ಹೋದರು. ಒಬ್ಬಾಕೆ ರುಜು ಮಾಡಿದಳು, ಇನ್ನೊಬ್ಬಾಕೆ ಬಾವಿಯ ಹತ್ತಿರದ ಅರ್ಧ ಎಕರೆ ತನ್ನ ಮಗನಿಗಿರಲಿ ಎಂದಳು, ಇವರು ಒಪ್ಪಿದರು. ಕೂಟು ಪಟ್ಟಾ ಆಗಿದೆ. ಅದರಲ್ಲಿ ಇವರ ಹೆಸರಿನ ಮೊದಲಕ್ಷರ ಆಧಾರಿನ ಹಾಗಿಲ್ಲವೆಂದು ಮೊಮ್ಮಗಳು ಕಂಡುಹಿಡಿದಳು. ತಿದ್ದುಪಡಿಗೆ ಕನ್ನಡದಲ್ಲಿ ಒಂದು, ತಮಿಳಿನಲ್ಲಿ ಒಂದು ಮನವಿ ಕೊಟ್ಟು ರಸೀದಿ ಪಡೆದಿದ್ದಾರೆ. ತಂಗಿಯ ಅರ್ಧ ಎಕರೆಯ ಉಪವಿಭಾಗಕ್ಕೆ ಸರ್ವೆಯವರು ಇನ್ನೂ ಬರಬೇಕು. ಈ ಸಲದ ರಾಗಿಯನ್ನು ಅವರು ಮಾರಿಲ್ಲ. ಮೂಟೆಕಟ್ಟಿ ನಡುಮನೆಯಲ್ಲಿ ಇಟ್ಟುಕೊಂಡಿದ್ದಾರೆ.